ವೈನಿಯ ಹಾಡಿಗೆ ಹದಿನೆಂಟು ತುಂಬಿರಬೇಕು

ತೆಲಂಗಾಣದ ಜಹೀರಾಬಾದಿನಲ್ಲಿ ನನ್ನದೊಂದು ಸಣ್ಣ ವಿಡಿಯೊ ಅಂಗಡಿ ಇದೆ. ಮದುವೆ, ಕುಬಸ, ಮನೆಶಾಂತಿ ಎಲ್ಲವನ್ನೂ ಹಿಡಿದು, ಕತ್ತರಿಸಿ, ಹಾಡು ಜೋಡಿಸಿ ಕೊಡುವುದು ಕೆಲಸ. ಮನೆತನದ ಹೊಲ ನ್ಯಾಲ್ಕಲ್ ಕಡೆಗಿದೆ. ಅಣ್ಣ ಅಲ್ಲೇ ಒಕ್ಕಲುತನ ಮಾಡಿಕೊಂಡಿದ್ದಾನೆ. ಅವನ ಹೆಂಡತಿಯನ್ನು ನಾನು ಮೊದಲಿನಿಂದಲೂ ವೈನಿ ಎಂದೇ ಕರೆಯುವುದು. ಐವತ್ತರ ಹತ್ತಿರದ ಹೆಂಗಸು. ಮೊಮ್ಮಗಳು ಮೂರನೇ ತರಗತಿಯಲ್ಲಿದ್ದಾಳೆ.

ಒಂದು ಮಳೆಗಾಲದ ರವಿವಾರ ಊರಿಗೆ ಹೋದಾಗ ಹೆಸರುಕಾಳಿನ ಹೊಲದಲ್ಲಿ ಕಳೆ ತೆಗೆಯುವ ಕೆಲಸ ನಡೆದಿತ್ತು. ಎಂಟ್ಹತ್ತು ಹೆಂಗಸರು ಸಾಲು ಹಿಡಿದು ಕೂತಿದ್ದರು. ಅಣ್ಣ ಬದುವಿನ ಮೇಲೆ ನಿಂತಿದ್ದ. ಅವನಿಗೆ ಕೇಳಲೆಂದೇ ವೈನಿ ದನಿ ಎತ್ತಿ ಹಾಡುತ್ತಿದ್ದಳು:

ತೊಗರಿ ಹೂವಿನ ಸೀರಿ ಕೇಳಿದ್ರ
ತೊಗರಿ ಹೊಲಾನೇ ತೋರ್ಸ್ಯಾನ
ಬೆಳ್ಳಿ ಕಾಲುಂಗ್ರ ಕೇಳಿದ್ರ
ಬೆಳ್ಳುಳ್ಳಿ ಸರಾನೇ ತಂದಾನ
ಜಹೀರಾಬಾದ ತೋರ್ಸಂದ್ರ
ಜೀಪಿನ ಹಿಂದ ಓಡ್ಸ್ಯಾನ

ಪ್ರತಿ ಸಾಲಿಗೂ ಉಳಿದವರು "ಏನ್ ಗಂಡನ್ನ ಕೊಟ್ಟೀಯವ್ವ" ಎಂದು ಎಳೆದು ಮುಗಿಸುವರು, ಮುಗಿಸಿ ನಗುವರು. ಅಣ್ಣ ಕೇಳಿಯೂ ಕೇಳದವನಂತೆ ಮೋಡ ನೋಡುತ್ತಿದ್ದ. ನಾನು ಜೇಬಿನೊಳಗೇ ಫೋನ್ ಒತ್ತಿ ದನಿಯನ್ನಷ್ಟೇ ಹಿಡಿದುಕೊಂಡೆ.

ತಾಂಡೂರಿನಲ್ಲಿ ನನ್ನೊಬ್ಬ ಗೆಳೆಯನಿದ್ದಾನೆ. ಜಾನಪದ ಹಾಡುಗಳ ವಿಡಿಯೊ ಮಾಡಿ ತನ್ನ ಚಾನೆಲ್ಲಿಗೆ ಹಾಕುವುದು ಅವನ ಉದ್ಯೋಗ. ಯಾವುದೋ ಮದುವೆಯ ಕೆಲಸಕ್ಕೆ ಅಲ್ಲಿಗೆ ಹೋದಾಗ ನಾನು ಅವನಿಗೆ ಈ ಹಾಡು ಕೇಳಿಸಿದೆ. ಮೂರು ಸಲ ಹಾಕಿಸಿಕೊಂಡು ಕೇಳಿದ. ಮರುವಾರವೇ ಊರಿಗೆ ಬಂದು ನಮ್ಮ ಪಡಸಾಲೆಯಲ್ಲಿ ಕೂತ.

"ಅಕ್ಕಾ, ನಿಮ್ಮ ವಾಯ್ಸ್ ಭಾರಿ ಅದ. ಖರೆ, ವಿಡಿಯೊದಾಗ ಬ್ಯಾರೆ ಹುಡುಗಿ ಇರ್ತಾಳರಿ. ಜನಕ್ಕ ಫೇಸ್ ಬೇಕು. ನಡೀತದಲ್ಲರಿ?"

"ನಾ ಏನ್ ಮಾಡ್ಬೇಕು?"

"ಹಾಡಿ ಕೊಡ್ರಿ, ಸಾಕು."

"ಹಂಗಾರ ಛಲೋನೇ ಆತು. ನಾ ಕುಣ್ಯೋದು ತಪ್ತು."

ನನಗೆ ಒಳಗೆಲ್ಲೋ ಚುರುಕ್ ಎಂದಿತು. ಅವಳಿಗೆ ಏನೂ ಅನಿಸಲಿಲ್ಲ. ಚಹಾಕ್ಕೆ ಸಕ್ಕರೆ ಸಾಕೋ ಎಂದು ಕೇಳಿದಳು.

ತಾಂಡೂರಿನ ಸ್ಟುಡಿಯೊ ಎಂದರೆ ಗೋಡೆಗೆಲ್ಲ ಸ್ಪಂಜು ಬಡಿದ ಒಂದು ಕೋಣೆ. ವೈನಿಯನ್ನು ಮೈಕಿನ ಮುಂದೆ ನಿಲ್ಲಿಸಿದರೆ ದನಿಯೇ ಹೊರಡಲೊಲ್ಲದು. ನಾಲ್ಕು ಸಲ ಕೆಮ್ಮಿದಳು, ಐದನೇ ಸಲ ನಕ್ಕಳು. "ಸುಮ್ನ ನಿಂತು ಹ್ಯಾಂಗ ಹಾಡ್ಲಿ ತಮ್ಮಾ? ಕೈಯಾಗ ಕೆಲ್ಸ ಇರ್ಬೇಕು," ಎಂದಳು. ಗೆಳೆಯ ಹೊರಗೆ ಓಡಿ ಹೋಗಿ ಎರಡು ಕಟ್ಟು ಮೆಂತ್ಯ ಸೊಪ್ಪು ತಂದ. ಮೈಕನ್ನು ನೆಲದ ಮಟ್ಟಕ್ಕೆ ಇಳಿಸಿದ. ವೈನಿ ಕೆಳಗೆ ಕೂತು ಸೊಪ್ಪು ಸೋಸುತ್ತ ಒಂದೇ ಉಸಿರಿಗೆ ಹಾಡಿ ಮುಗಿಸಿದಳು. ಸೊಪ್ಪನ್ನು ಅವನ ಮನೆಗೇ ಕಳಿಸಿದಳು.

ಆ ಒಂದು ತಿಂಗಳಲ್ಲಿ ಸ್ಟಾರ್ ಒಬ್ಬರು ಹೇಗೆ ತಯಾರಾಗುತ್ತಾರೆಂದು ಕಣ್ಣಾರೆ ಕಂಡೆ. ನಾಯಕಿಯಾದವಳು ತಾಂಡೂರಿನವಳೇ, ಡಿಗ್ರಿ ಓದುವ ಹುಡುಗಿ. ಅದಕ್ಕೂ ಮೊದಲು ಮಾಡಿದ್ದು ಮೂರೇ ಮೂರು ಹಾಡು. ಪೋಸ್ಟರಿನಲ್ಲಿ ಆಗಲೇ ಅವಳು 'ಜಾನಪದದ ರಾಣಿ'. ಯಾರು ಪಟ್ಟ ಕಟ್ಟಿದರು ಎಂದು ಕೇಳಿದೆ. "ನಾನೇ," ಎಂದ ಗೆಳೆಯ. "ನಾವು ಕರ್ದ ಮ್ಯಾಲೇ ಜನ ಕರೀತಾರ." ಮೊದಲ ಹದಿನೈದು ಸೆಕೆಂಡಿನಲ್ಲಿ ಅವಳು ತಿರುಗಿ ನೋಡಬೇಕು, ಬೆಳ್ಳುಳ್ಳಿಯ ಸಾಲಿಗೆ ಮಾಡುವ ಕೈಸನ್ನೆ ಮಕ್ಕಳಿಗೂ ಬರುವಷ್ಟು ಸರಳ ಇರಬೇಕು, ಬಿಡುಗಡೆಗೆ ಮುಂಚೆಯೇ ಡಿಜೆಯವರ ಕೈಗೆ ಹಾಡು ಸೇರಿರಬೇಕು. ಎಲ್ಲಕ್ಕೂ ಅವನಲ್ಲಿ ಲೆಕ್ಕಾಚಾರವಿತ್ತು. ಹುಡುಗಿ ಮಾತ್ರ ಬಿಡುವಾದಾಗಲೆಲ್ಲ ವೈನಿಗೆ ಫೋನ್ ಮಾಡಿ, "ಅಕ್ಕಾ, ಇಲ್ಲಿ ಬಾಯಿ ಎಷ್ಟು ತೆರೀತೀರಿ?" ಎಂದು ಕೇಳಿ ಕಲಿಯುತ್ತಿದ್ದಳು.

ಚಿತ್ರೀಕರಣಕ್ಕೆ ರೈಲ್ವೆ ಪ್ಲಾಟ್‌ಫಾರ್ಮ್ ಎಂದು ಗೊತ್ತು ಮಾಡಿದ್ದರು. ನಾನು ಎರಡನೇ ಕ್ಯಾಮೆರಾ. ಹುಡುಗಿ ಎರಡು ಹೆಜ್ಜೆ ಹಾಕುವುದರೊಳಗೆ ಪೊಲೀಸೊಬ್ಬರು ಬಂದು ಪರವಾನಗಿ ಪತ್ರ ಕೇಳಿದರು. ನಮ್ಮಲ್ಲಿ ಪ್ಲಾಟ್‌ಫಾರ್ಮ್ ಟಿಕೆಟ್ ಇತ್ತು, ಪತ್ರ ಇರಲಿಲ್ಲ. "ಟಿಕೆಟ್ ನಿಲ್ಲಾಕ, ಕುಣ್ಯಾಕ ಅಲ್ಲ," ಎಂದು ಹೊರಗೆ ಕಳಿಸಿದರು. ಕಡೆಗೆ ಪರಿಚಯದವರ ಫರ್ಸಿ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯ ಅಂಗಳಕ್ಕೆ ಹೋದೆವು. ಒಟ್ಟಿದ ಕಲ್ಲುಗಳ ನಡುವೆ ಕುಣಿದು ಕುಣಿದು, ಸಂಜೆಯ ಹೊತ್ತಿಗೆ ಕಲ್ಲಿನ ಧೂಳಿಗೆ ಎಲ್ಲರ ಹುಬ್ಬೂ ಬೆಳ್ಳಗಾಗಿತ್ತು.

ಹಾಡಿಗೆ ರಂಗು ಬರಲೆಂದು ಗೆಳೆಯ ಎರಡು ಸಂಗತಿ ಸೇರಿಸಿದ್ದ. ಗಂಡನ ಪಾತ್ರದವನು ಗಡಿಗೆ ಎತ್ತಿ ಕಳ್ಳು ಕುಡಿಯುತ್ತಾನೆ. ನಾಯಕಿ ಕುಡುಗೋಲು ಹಿಡಿದು ಅವನನ್ನು ಬೆನ್ನಟ್ಟುತ್ತಾಳೆ. ನಗೆಯ ದೃಶ್ಯ. ಎಡಿಟ್ ಮಾಡುವಾಗ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು.

ಹಾಡು ಹೊರಬಿದ್ದದ್ದೇ ತಡ, ಊರೂರು ತಿರುಗಿತು. ನಾನು ಹಿಡಿಯುವ ಮದುವೆಗಳ ಮೆರವಣಿಗೆಯಲ್ಲೂ ಅದೇ ಹಾಡು. ಕನ್ನಡ ಬಾರದವರೂ ಬೆಳ್ಳುಳ್ಳಿಗೆ ಕೈ ತಿರುಗಿಸುತ್ತಿದ್ದರು. ಹುಡುಗಿಯನ್ನು ಬಟ್ಟೆ ಅಂಗಡಿಯ ಪ್ರಾರಂಭಕ್ಕೆ ಕರೆದರು. ವಿಡಿಯೊದ ಕೊನೆಯಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ 'ಗಾಯನ: ನ್ಯಾಲ್ಕಲ್ ಅಕ್ಕ' ಎಂದಿತ್ತು. ಅದನ್ನು ಯಾರೂ ಓದಲಿಲ್ಲ.

ಊರಲ್ಲಿ ಬೇರೆಯೇ ಗದ್ದಲ. ಅಣ್ಣ ಮೊದಲ ಬಾರಿ ವಿಡಿಯೊ ನೋಡಿ ಫೋನನ್ನು ಬೋರಲು ಹಾಕಿದ. "ಬೆಳ್ಳುಳ್ಳಿ ತಂದೀನಿ, ಒಪ್ಕೋತೀನಿ. ಹೆಂಡ ಕುಡ್ದಿದ್ದು ಯಾರು ನೋಡ್ಯಾರ? ಕೊರಳಾಗ ಲಿಂಗ ಕಟ್ಟಿದ ಮನಶ್ಯಾ ನಾ!" ಎಂದ. ಅದು ಪಾತ್ರ, ನೀನಲ್ಲ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. "ಊರಾಗ ಎಲ್ಲರ್ಗೂ ಗೊತ್ತದ ಹಾಡು ಯಾರ ಮ್ಯಾಲದ ಅಂತ."

ಮೂರನೇ ವಾರ ಗೆಳೆಯ ಫೋನ್ ಮಾಡಿದ. ವಿಡಿಯೊ ತಾಣದವರು ಹಾಡಿಗೆ ವಯಸ್ಸಿನ ನಿರ್ಬಂಧ ಹಾಕಿದ್ದಾರೆ, ಹದಿನೆಂಟು ತುಂಬಿದವರು ಮಾತ್ರ ನೋಡಬಹುದು, ನೋಡುವವರ ಮುಂದೆ ತಾನಾಗಿ ಬರುವುದೂ ನಿಂತಿದೆ ಎಂದ. ಅಪೀಲು ಹಾಕಿದೆವು. ಇದು ಹಾಸ್ಯ, ಇದು ಹೊಲದ ಹಾಡು ಎಂದು ನಾನೇ ಬರೆದುಕೊಟ್ಟೆ. ನಾವು ಊಟ ಮುಗಿಸುವುದರೊಳಗೆ ತಿರಸ್ಕಾರದ ಉತ್ತರ ಬಂತು. ಕಳ್ಳಿನ ಗಡಿಗೆಯೋ ಬೀಸಿದ ಕುಡುಗೋಲೋ, ಯಾವುದು ಕಾರಣವೆಂದು ಅವರು ಬಿಡಿಸಿ ಹೇಳಲಿಲ್ಲ. ಆ ಭಾಗ ಕತ್ತರಿಸಿ ಹೊಸದಾಗಿ ಹಾಕೋಣವೆಂದರೆ ಇದುವರೆಗೆ ನೋಡಿದವರ ಸಂಖ್ಯೆ ಸೊನ್ನೆಗೆ ಇಳಿಯುತ್ತದೆ. ಗೆಳೆಯ ಹೂಂ ಎನ್ನಲಾರ, ಊಹೂಂ ಎನ್ನಲಾರ.

ಈ ಸುದ್ದಿಯನ್ನು ಊರಿಗೆ ಮುಟ್ಟಿಸಿದವಳು ಮೊಮ್ಮಗಳು. ಅವಳಪ್ಪ ಫೋನಿನಲ್ಲಿ ಮಕ್ಕಳ ಖಾತೆ ಮಾಡಿಕೊಟ್ಟಿದ್ದ. ಅದರಲ್ಲಿ ಹಾಡು ತೆರೆಯಲೇ ಇಲ್ಲ.

"ಆಯಿ, ನಿನ್ನ ಹಾಡು ದೊಡ್ಡೋರಿಗಿ ಮಾತ್ರ ಅಂತ. ನಾ ನೋಡಂಗಿಲ್ಲಂತ."

ಮುಖ ಕಾಣಿಸದಿದ್ದಾಗ ಏನೂ ಅನ್ನದ ವೈನಿ ಈಗ ಸಿಟ್ಟಾದಳು. ನನಗೇ ಫೋನ್ ಬಂತು. "ತಮ್ಮಾ, ನಾ ಏನ್ ಹೊಲಸು ಹಾಡೀನಿ? ಇಂಥಾ ಹಾಡು ನಮ್ಮವ್ವನ ಕೂಡ ಕಳೆ ತೆಗೆಯೋವಾಗ ಕಟ್ಟಾಕ ಕಲ್ತಿದ್ದು. ಕೂಸು ಕೇಳಬಾರ್ದು ಅನ್ನಾಕ ಅವ್ರು ಯಾರು?"

"ಹಾಡಿಗಿ ಅಲ್ಲ ವೈನಿ, ವಿಡಿಯೊಕ್ಕ."

"ಹಂಗಾರ ಬ್ಯಾರೆ ವಿಡಿಯೊ ಮಾಡು. ಕೂಸು ನೋಡೋವಂಥಾದ್ದು."

ಗೆಳೆಯನನ್ನು ಕೇಳಿದೆ. ತನ್ನ ಚಾನೆಲ್ಲಿಗೇ ಹಾಕುವುದಾದರೆ ತಕರಾರಿಲ್ಲ ಎಂದ. ಮುಂದಿನ ರವಿವಾರ ಕ್ಯಾಮೆರಾ ಹೊತ್ತು ಊರಿಗೆ ಹೋದೆ.

ಆಗ ತೊಗರಿ ಹೂಬಿಟ್ಟಿತ್ತು. ಪಕ್ಕದ ಹಿಂಗಾರಿ ಜೋಳದಲ್ಲಿ ಕಳೆ ತೆಗೆಯುವುದು ನಡೆದಿತ್ತು. ನಿಯಮಗಳನ್ನೆಲ್ಲ ಓದಿಕೊಂಡು ಹೋಗಿದ್ದ ನಾನು ದೊಡ್ಡ ಅಧಿಕಾರಿಯಂತೆ ಸೂಚನೆ ಕೊಡತೊಡಗಿದೆ. ಹರಿತವಾದದ್ದೇನೂ ಕಾಣಬಾರದು, ಖುರ್ಪಿ ಎಲ್ಲ ಬದಿಗಿಡಿ ಎಂದೆ. ವೈನಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಕಳೆ ತೆಗ್ಯಾಕ ಖುರ್ಪಿ ಬ್ಯಾಡಂದ್ರ ಹಲ್ಲಿಲೆ ತೆಗೀಬೇಕೇನು?"

ಹೆಂಗಸರೆಲ್ಲ ನೆಲಕ್ಕೆ ಬಿದ್ದು ನಕ್ಕರು. ನನ್ನ ಅಧಿಕಾರ ಅಲ್ಲಿಗೇ ಮುಗಿಯಿತು. ಖುರ್ಪಿ ಎತ್ತಿ ಆಡಿಸದಿದ್ದರೆ ಸಾಕು ಎಂದು ರಾಜಿ ಮಾಡಿಕೊಂಡೆ.

ಅಷ್ಟರಲ್ಲಿ ಬದುವಿನ ಮೇಲೆ ಅಣ್ಣ ಬಂದ. ಹೊಸ ಧೋತರ, ಇಸ್ತ್ರಿ ಮಾಡಿದ ಅಂಗಿ, ಹಣೆಗೆ ಮೂರು ಬೆರಳಿನ ವಿಭೂತಿ. ಕೈಯಲ್ಲಿ ಅಡಿಗೆಮನೆಯ ಗೂಟಕ್ಕೆ ತೂಗುಹಾಕಿದ್ದ ಬೆಳ್ಳುಳ್ಳಿಯ ಗೊಂಚಲು.

"ಗಂಡ ಬೇಕಲ್ಲ ಹಾಡಿಗಿ? ಖರೇ ಗಂಡ ಬಂದಾನ, ಹಿಡೀರಿ," ಎಂದ.

ಅವನಿಗೆ ನಟನೆ ಬಾರದು. ಬೆಳ್ಳುಳ್ಳಿಯ ಸಾಲು ಬಂದಾಗ ನೆಟ್ಟಗೆ ನಡೆದು ಬಂದು, ಗೊಂಚಲನ್ನು ವೈನಿಯ ಕೊರಳಿಗೆ ಹಾಕಿ, ಪೂಜೆ ಮುಗಿಸಿದವನಂತೆ ಗಂಭೀರವಾಗಿ ಹಿಂದಿರುಗಿದ. ವೈನಿ ಮುಂದಿನ ಸಾಲು ಮರೆತು ನಕ್ಕಳು. ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಉಳಿದವರು ಅವಳ ಬದಲು ಹಾಡನ್ನು ಎತ್ತಿಕೊಂಡರು. ನಾನು ಕ್ಯಾಮೆರಾ ನಿಲ್ಲಿಸಲಿಲ್ಲ. ಕತ್ತರಿಸುವಾಗಲೂ ಆ ನಗು ತೆಗೆಯಲಿಲ್ಲ. ಶುರುವಿನಲ್ಲಿ "ವೈನಿ, ಹಾಡ್ರಿ ಇನ್ನ" ಎಂಬ ನನ್ನ ದನಿಯೂ ಮರೆತು ಹಾಗೇ ಉಳಿದುಬಿಟ್ಟಿತು.

ಆ ವಿಡಿಯೊಕ್ಕೆ ಯಾವ ನಿರ್ಬಂಧವೂ ಬೀಳಲಿಲ್ಲ. ಮೊದಮೊದಲು ಮೊಮ್ಮಗಳ ಗೆಳತಿಯರು ನೋಡಿದರು, ಆಮೇಲೆ ಅವರ ಅಮ್ಮಂದಿರು. ಹದಿನೈದು ದಿನದಲ್ಲಿ ನನ್ನ ಅಂಗಡಿಗೆ ಬಂದವರೆಲ್ಲ ಅದನ್ನೇ ಮಾತಾಡತೊಡಗಿದರು. ವಿಡಿಯೊದಲ್ಲಿ ನಾನು ಕರೆದದ್ದೇ ಅವಳ ಬಿರುದಾಯಿತು. ಬಸ್ಸಿನಲ್ಲಿ ಎಪ್ಪತ್ತರ ಮುದುಕರೂ ಎದ್ದು, "ವೈನಿ, ಕೂಡ್ರಿ" ಎಂದು ಜಾಗ ಕೊಡುತ್ತಿದ್ದರು. ತೆಲುಗು ಮಾತಾಡುವವರಿಗೂ ಅವಳು ವೈನಿಯೇ. ಗೆಳೆಯ ಇಷ್ಟೆಲ್ಲ ಲೆಕ್ಕ ಹಾಕಿಯೂ ಇಂಥದೊಂದು ಹೆಸರು ಹೊಳೆಯಲಿಲ್ಲವಲ್ಲ ಎಂದು ಹೊಟ್ಟೆ ಉರಿದುಕೊಂಡ. ಮರುದಿನವೇ ಆ ಹೆಸರನ್ನು ದೊಡ್ಡಕ್ಷರದಲ್ಲಿ ಹಾಕಿ ಪೋಸ್ಟರ್ ಮಾಡಿಸಿದ.

ಚಳಿಗಾಲದಲ್ಲಿ ನಾರಾಯಣಖೇಡದ ಒಂದು ಶಾಲೆಯ ವಾರ್ಷಿಕೋತ್ಸವಕ್ಕೆ ಕರೆ ಬಂತು. ತಾಂಡೂರಿನ ಹುಡುಗಿಯನ್ನೂ ಕರೆದಿದ್ದರು. ಅವಳು ವೈನಿಯ ಕಾಲು ಮುಟ್ಟಿ, "ಇಷ್ಟು ದಿನ ನಿಮ್ಮ ದನಿ ಉಂಡೀನ್ರಿ ಅಕ್ಕಾ," ಎಂದಳು. ವೈನಿ ಅವಳ ಗಲ್ಲ ಹಿಡಿದು, "ಉಂಡ್ರ ಏನಾತು, ನೀ ಕುಣೀದಿದ್ರ ಯಾರ್ ಕೇಳ್ತಿದ್ರು?" ಎಂದಳು.

ವೇದಿಕೆಯಲ್ಲಿ ಧ್ವನಿಮುದ್ರಿಕೆ ಹಾಕುತ್ತೇವೆ, ನೀವು ತುಟಿ ಆಡಿಸಿದರೆ ಸಾಕು ಎಂದರು ಮುಖ್ಯಗುರುಗಳು. ವೈನಿ ಒಪ್ಪಿಯೇ ಹತ್ತಿದಳು. ಆದರೆ ಅವಳ ಹಾಡು ಎರಡು ಸಲ ಒಂದೇ ತರ ಬರುವುದಿಲ್ಲ. ಮುದ್ರಿಕೆ ತೊಗರಿಯಲ್ಲಿದ್ದರೆ ಅವಳ ತುಟಿ ಜೀಪಿನಲ್ಲಿತ್ತು. ಮಕ್ಕಳು ನಗತೊಡಗಿದರು. ಅವಳು ಕೈಯೆತ್ತಿ ಮುದ್ರಿಕೆ ನಿಲ್ಲಿಸಿದಳು. ಮೈಕ್ ತೆಗೆದುಕೊಂಡು, ಮುಖ್ಯಗುರುಗಳ ಕಡೆ ಒಮ್ಮೆ ನೋಡಿ, ಅಲ್ಲೇ ಕಟ್ಟಿ ಹಾಡಿದಳು:

ಹಾಡಾಕ ಅಂತ ಕರ್ದಾರ
ಬಾಯಿ ಮುಚ್ಚಂತ ಹೇಳ್ಯಾರ

"ಏನ್ ಸರನ್ನ ಕೊಟ್ಟೀಯವ್ವ!" ಎಂದು ಮುಂದಿನ ಸಾಲಿನ ಹುಡುಗಿಯರು ತಾವಾಗಿ ಎತ್ತಿಕೊಂಡರು. ಮುಖ್ಯಗುರುಗಳು ಮುಖ ಮುಚ್ಚಿಕೊಂಡು ನಗುತ್ತಿದ್ದರು. ತಾಂಡೂರಿನ ಹುಡುಗಿ ಚಪ್ಪಲಿ ಕಳಚಿ ಕುಣಿಯಲು ನಿಂತಳು. ಒಂದನೇ ತರಗತಿಯ ಕೂಸುಗಳಿಂದ ಹಿಡಿದು ಅಡುಗೆಯ ಅಮ್ಮನವರೆಗೆ ಎಲ್ಲರೂ ಎದ್ದರು. ನಾನು ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಬಿಟ್ಟು ಅವರೊಳಗೆ ಸೇರಿಕೊಂಡೆ.