ಐದೂವರೆಯ ಗಾಳಿ

ನಮ್ಮ ಕಚೇರಿಯಲ್ಲಿ ಅವರನ್ನು ಹೆಸರು ಹಿಡಿದು ಕರೆಯುತ್ತಿದ್ದವರು ಸಂಬಳದ ಗುಮಾಸ್ತರೊಬ್ಬರೇ. ಮಿಕ್ಕವರಿಗೆಲ್ಲ ಅವರು ಜರಡಿ. ನಗರದ ಹನ್ನೊಂದು ಕಡೆ ಗಾಳಿ ಅಳೆಯುವ ಯಂತ್ರಗಳಿವೆ. ಗಾಳಿಯಲ್ಲಿ ಎಷ್ಟು ಧೂಳು, ಎಷ್ಟು ಹೊಗೆ ಎಂದು ಕಾಲು ಗಂಟೆಗೊಮ್ಮೆ ಒಂದೊಂದು ಅಂಕಿ ಕಳಿಸುತ್ತವೆ. ಆ ಅಂಕಿಗಳಲ್ಲಿ ಕಾಳು ಯಾವುದು, ಜೊಳ್ಳು ಯಾವುದು ಎಂದು ಬೇರೆ ಮಾಡುವುದು ಅವರ ಕೆಲಸ. ಅವರು ಜರಡಿ ಹಿಡಿದ ಪಟ್ಟಿಗೆ ಎರಡನೇ ರುಜು ಹಾಕುವುದು ಎದುರು ಮೇಜಿನವಳಾದ ನನ್ನ ಕೆಲಸ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನಾನು ಕೈ ತೊಳೆದುಕೊಂಡೆ ಎಂದು ಯಾರೂ ಅನ್ನಬಾರದು.

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆ ಅವರ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುತ್ತಿತ್ತು. ಮಳೆ ಬರುತ್ತಿದೆ ಎಂದರೆ ಕಿಟಕಿಯಿಂದ ಕೈ ಚಾಚಿ ನೋಡಿಯೇ ಒಪ್ಪುವ ಆಸಾಮಿ. ನನಗೆ ಎಷ್ಟೋ ಸಲ ರೇಗಿ ಹೋಗುತ್ತಿತ್ತು. ಆದರೆ ಒಮ್ಮೆ ಒಂದು ಯಂತ್ರದ ಕೊಳವೆಯೊಳಗೆ ಹಲ್ಲಿ ಹೊಕ್ಕು ಸತ್ತು, ಅಂಕಿ ಆಕಾಶಕ್ಕೆ ಏರಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನಕ್ಕೆ ಎಲ್ಲಿ ತಾನೆ ಬರ? ಪತ್ರಿಕೆಯಲ್ಲಿ ಬಂತು, ಎರಡು ಶಾಲೆಗೆ ರಜೆ ಕೊಟ್ಟರು. ಆವತ್ತು ಜರಡಿಯವರು ಒಂದು ನಿಯಮ ಬರೆದರು. ಒಂದು ಯಂತ್ರದ ಅಂಕಿ ಅದೇ ಹೊತ್ತಿನ ಉಳಿದ ಹತ್ತರ ಸರಾಸರಿಗಿಂತ ನಾಲ್ಕು ಪಟ್ಟು ಮೀರಿದರೆ ಅದು ಯಂತ್ರದ ದೋಷ, ಅದನ್ನು ತೆಗೆದು ಆ ಜಾಗಕ್ಕೆ ಉಳಿದವುಗಳ ಸರಾಸರಿ ತುಂಬುವುದು. ಮೇಲಿನವರು ಬೆನ್ನು ತಟ್ಟಿದರು. ನಾನು ರುಜು ಹಾಕಿದೆ.

ಅವರಿಗೆ ತಮ್ಮವರು ಅಂತ ಇದ್ದದ್ದು ಅಕ್ಕ ಒಬ್ಬಳೇ. ಅವರಿಗೆ ಏಳು ವರ್ಷವಾಗಿದ್ದಾಗ ತಾಯಿ ತೀರಿಕೊಂಡರು. ಹದಿನೇಳರ ಅಕ್ಕ ಓದು ಬಿಟ್ಟು ಹೊಲಿಗೆ ಯಂತ್ರದ ಮುಂದೆ ಕೂತವಳು ಮತ್ತೆ ಏಳಲಿಲ್ಲ. ಶಾಲೆಯ ಸಮವಸ್ತ್ರ ಹೊಲಿದು ತಮ್ಮನನ್ನು ಓದಿಸಿದಳು, ಅವನ ಮದುವೆ ಮಾಡಿದಳು, ಅವನ ಹೆಂಡತಿ ಬಿಟ್ಟು ಹೋದಾಗ ಒಂದು ಮಾತೂ ಆಡದೆ ವಾರಕ್ಕೆರಡು ಸಲ ಬಂದು ಅಡುಗೆ ಮಾಡಿಟ್ಟು ಹೋದಳು. ಅವಳ ಮನೆ ಇದ್ದದ್ದು ಏಳನೇ ನಂಬರಿನ ಯಂತ್ರದ ಬೀದಿಯಲ್ಲಿ. ಯಂತ್ರ ಮೂಲೆಯ ಶಾಲೆಯ ಮಾಳಿಗೆಯ ಮೇಲಿತ್ತು, ಅದರ ಹಿಂದೆ ಒಂದು ಎರಕದ ಕಾರ್ಖಾನೆ.

ಐವತ್ತೆಂಟರಲ್ಲಿ ಅವಳಿಗೆ ಉಸಿರು ಕಟ್ಟತೊಡಗಿತು. ಬಟ್ಟೆಯ ನೂಲಿನ ಪುಡಿ ಅಷ್ಟು ವರ್ಷ ಎದೆಯೊಳಗೆ ಹೋಗಿದೆ, ಇನ್ನು ದಿನಾ ಒಳ್ಳೆಯ ಗಾಳಿಯಲ್ಲಿ ನಡೆಯಿರಿ ಎಂದರಂತೆ ಡಾಕ್ಟರು. ಅವಳು ಕಚೇರಿಗೇ ಫೋನು ಮಾಡಿದಳು.

“ಒಳ್ಳೆ ಗಾಳಿ ಅಂದ್ರೆ ನನಗೇನು ಗೊತ್ತು? ನಮ್ಮ ಬೀದೀಲಿ ಯಾವ ಹೊತ್ತಿನ ಗಾಳಿ ಚೆನ್ನಾಗಿರುತ್ತೆ ನೋಡಿ ಹೇಳೋ. ಆವಾಗ ಹೋಗ್ತೀನಿ.”

ಜರಡಿಯವರು ಹೆಮ್ಮೆಯಿಂದ ಉಬ್ಬಿ ಹೋದರು. ಅಕ್ಕ ಅವರನ್ನು ಏನಾದರೂ ಕೇಳಿದ್ದು ಅದೇ ಮೊದಲು. ಏಳನೇ ಯಂತ್ರದ ಇಡೀ ವರ್ಷದ ಪಟ್ಟಿ ತೆಗೆದು ಎರಡು ದಿನ ಕೂತು ನೋಡಿದರು. ಬೆಳಿಗ್ಗೆ ವಾಹನಗಳ ಓಡಾಟ ಶುರುವಾಗುವ ಮೊದಲು ಅಂಕಿಗಳ ಗೆರೆ ನೆಲ ಹಿಡಿದಿತ್ತು. ನನಗೂ ತೋರಿಸಿದರು. ನಾನೂ ಹೌದು ಎಂದೆ.

“ಬೆಳಿಗ್ಗೆ ಐದೂವರೆ, ಅಕ್ಕಾ. ಕಣ್ಣು ಮುಚ್ಕೊಂಡು ಹೋಗು.”

ಅವಳು ಹೋದಳು. ತಮ್ಮನ ಮಾತೆಂದರೆ ವೇದವಾಕ್ಯ. ಚಳಿಯಲ್ಲೂ ಹೋದಳು. ಆರು ತಿಂಗಳಿಗೆ ಉಸಿರು ಇನ್ನಷ್ಟು ಕೆಟ್ಟಿತು. ಒಂದು ದಿನ ಫೋನಿನಲ್ಲಿ, ಕಾರ್ಖಾನೆಗೆ ಬುಧವಾರ ರಜೆ ಇರುತ್ತೆ, ಬುಧವಾರ ಮಾತ್ರ ಎಲ್ಲೂ ನಿಲ್ಲದೆ ನಡೀತೀನಿ ಎಂದಳಂತೆ. ಜರಡಿಯವರು ನಕ್ಕರು. ಆ ನಗು ನನಗೂ ಕೇಳಿಸಿತು.

“ಹಾಗನ್ನಿಸೋದೆಲ್ಲ ಲೆಕ್ಕಕ್ಕೆ ಬರಲ್ಲ ಅಕ್ಕಾ. ದಿನಾ ಬರೆದಿಟ್ಟಿರಬೇಕು. ಅದೂ ಒಂದು ವರ್ಷದ್ದಾದ್ರೂ ಬೇಕು.”

ಅಕ್ಕ ಆ ಮಾತನ್ನು ಮತ್ತೆ ಎತ್ತಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಹಾಗೆ. ಬೀದಿಯ ಬೇರೆ ಯಾರಾದರೂ ಅರ್ಜಿ ಬರೆದು ಕೊಟ್ಟಿದ್ದರೆ ಜರಡಿಯವರು ಹೋಗಿ ನೋಡಿ ಬರುತ್ತಿದ್ದರು.

ಮುಂದಿನ ವರ್ಷ ಆಸ್ಪತ್ರೆಗೆ ಸೇರಿಸಿದ ಒಂಬತ್ತನೇ ದಿನ ಅವಳು ತೀರಿಕೊಂಡಳು. ಜರಡಿಯವರು ರಜೆ ಮುಗಿಸಿ ಬಂದಾಗ ಅಂಗಿಯ ಗುಂಡಿ ಒಂದು ಬಿದ್ದು ಹೋಗಿತ್ತು. ಅದನ್ನು ಹಾಕಿ ಕೊಡುವವರು ಇರಲಿಲ್ಲ ಎಂಬುದು ನನಗೆ ಆಮೇಲೆ ಹೊಳೆಯಿತು. ವಾರ ಕಳೆದ ಮೇಲೆ ಅವರು ಮನೆ ಖಾಲಿ ಮಾಡಲು ಹೋದರು. ಹೊಲಿಗೆ ಯಂತ್ರವನ್ನು ಸರಿಸಿದಾಗ ಹಿಂದಿನ ಗೋಡೆಯಲ್ಲಿ ಒಂದು ಕ್ಯಾಲೆಂಡರು ತೂಗುತ್ತಿತ್ತು.

ಅದನ್ನು ಹಾಗೇ ಸುರುಳಿ ಸುತ್ತಿ ಕಚೇರಿಗೆ ತಂದು ನನ್ನ ಮೇಜಿನ ಮೇಲೆ ಹರಡಿದರು. ಪ್ರತಿ ದಿನದ ಮನೆಯಲ್ಲಿ ಬಟ್ಟೆಗೆ ಗುರುತು ಹಾಕುವ ಪೆನ್ಸಿಲಿನಿಂದ ಒಂದು ಗೀಟು, ಅದರ ಕೆಳಗೆ ಚುಕ್ಕೆಗಳು. ಮೊದಲ ಹಾಳೆಯ ಅಂಚಿನಲ್ಲಿ ಬರೆದಿದ್ದಳು: ಗೀಟು ನಡೆದದ್ದು, ಚುಕ್ಕೆ ಉಸಿರಿಗೆ ನಿಂತದ್ದು. ಬುಧವಾರಗಳಲ್ಲಿ ಗೀಟು ಮಾತ್ರ. ಬೇರೆ ದಿನಗಳಲ್ಲಿ ಮೊದಲು ಎರಡು ಚುಕ್ಕೆ, ಬರುಬರುತ್ತಾ ಐದು, ಏಳು. ಕೊನೆಕೊನೆಗೆ ಚುಕ್ಕೆಗಳು ಜಾಗ ಸಾಲದೆ ಮರುದಿನದ ಮನೆಗೆ ಹರಿದಿದ್ದವು. ಹನ್ನೆರಡನೇ ಹಾಳೆ ಖಾಲಿ. ಅದರ ತುದಿಯಲ್ಲಿ ಮಾತ್ರ, ‘ವರ್ಷ ತುಂಬಿದ ಮೇಲೆ ತಮ್ಮನಿಗೆ ತೋರಿಸಬೇಕು’ ಎಂದಿತ್ತು.

ನಾನು ತಲೆ ಎತ್ತಲಿಲ್ಲ. ಅವರು ಏಳನೇ ಯಂತ್ರದ ಮೂಲ ಅಂಕಿಗಳನ್ನು ತೆರೆದರು, ಜರಡಿಗೆ ಬೀಳುವ ಮೊದಲಿನವು. ಕಾರ್ಖಾನೆಯಲ್ಲಿ ಐದೂವರೆಗೆ ಕುಲುಮೆ ಹೊತ್ತಿಸುತ್ತಿದ್ದರು. ಆರೂಕಾಲರವರೆಗೆ ಅಂಕಿ ಏಳು ಪಟ್ಟು, ಎಂಟು ಪಟ್ಟು. ಬುಧವಾರ ಏನೂ ಇಲ್ಲ. ಯಂತ್ರ ಪ್ರತಿ ದಿನವೂ ನಿಜ ಹೇಳಿತ್ತು. ನಾಲ್ಕು ಪಟ್ಟು ಮೀರಿದ್ದಕ್ಕೆ ನಿಯಮ ಅದನ್ನು ತೆಗೆದು ಹಾಕಿ, ಆ ಜಾಗಕ್ಕೆ ಇಡೀ ನಗರದ ಮುಂಜಾವಿನ ಒಳ್ಳೆಯ ಗಾಳಿಯನ್ನು ತುಂಬಿತ್ತು. ಅಳಿಸಿದ ಗುರುತು ದಿನಾ ನನ್ನ ಕಣ್ಣಿಗೆ ಬಿದ್ದಿತ್ತು. ಯಂತ್ರ ಹಳೆಯದು ಎಂದುಕೊಂಡು ಎರಡು ಸಲ ಮೆಕ್ಯಾನಿಕ್ಕನ್ನೂ ಕಳಿಸಿದ್ದೆ. ಅವನು ಕಚೇರಿ ವೇಳೆಗೆ ಹನ್ನೊಂದಕ್ಕೆ ಹೋಗಿ, ಎಲ್ಲ ಸರಿಯಿದೆ ಎಂದು ಬರೆದು ಬಂದಿದ್ದ. ದೀಪದ ಬುಡದಲ್ಲಿ ಕತ್ತಲು ಎನ್ನುವುದು ಸುಲಭ, ಆ ದೀಪ ಹಿಡಿದಿದ್ದವರು ನಾವಿಬ್ಬರು.

ಅವರು ಆ ಕ್ಯಾಲೆಂಡರನ್ನು ಡಾಕ್ಟರ ಹತ್ತಿರವೂ ಒಯ್ದರು. ಇದರಿಂದಲೇ ಹೋದಳು ಅಂತ ಹೇಳಿ ಎಂದು ಕೇಳಿದರಂತೆ. ಯಾರಾದರೂ ಬೈಯಲಿ ಎಂದು ಅವರು ಊರೆಲ್ಲ ಹುಡುಕುತ್ತಿದ್ದರು ಅಂತ ನನಗೆ ಗೊತ್ತಿತ್ತು. ಡಾಕ್ಟರು ಒಳ್ಳೆಯ ಮನುಷ್ಯ, ಒಬ್ಬರ ವಿಷಯದಲ್ಲಿ ಹಾಗೆ ಹೇಳೋಕೆ ಬರಲ್ಲ, ಅದಕ್ಕೆ ತುಂಬ ಜನರ ಲೆಕ್ಕ ಬೇಕು ಎಂದರಂತೆ. ಜರಡಿಯವರು ಅದನ್ನು ನನಗೆ ಹೇಳಿ, ಮೇಜಿಗೆ ಹಣೆ ಹಚ್ಚಿ ಅತ್ತರು. ಐವತ್ತರ ಹತ್ತಿರದ ಗಂಡಸು ಕಚೇರಿಯಲ್ಲಿ ಹಾಗೆ ಅತ್ತದ್ದನ್ನು ನಾನು ಕಂಡಿರಲಿಲ್ಲ. ನಾನೂ ಅತ್ತೆ.

ನಿಯಮ ರದ್ದಾಯಿತು. ತೆಗೆದ ಅಂಕಿಗಳನ್ನೆಲ್ಲ ಮತ್ತೆ ಸೇರಿಸಬೇಕಾಯಿತು, ಏಳನೇ ಯಂತ್ರದ್ದೇ ಸಾವಿರದ ಎಂಟುನೂರು ಚಿಲ್ಲರೆ ಸಾಲು. ಯಾರ ನೆರವನ್ನೂ ಒಲ್ಲದೆ ಅವರೊಬ್ಬರೇ ಒಂದೊಂದಾಗಿ ತುಂಬಿದರು. ತಿಂಗಳಾದ ಮೇಲೆ ಕಟ್ಟು ನನ್ನ ಮೇಜಿಗೆ ಬಂತು. ಕೊನೆಯ ಅಂಕಣ ‘ತಿದ್ದುಪಡಿಗೆ ಕಾರಣ’. ಅದನ್ನು ಖಾಲಿ ಬಿಡುವಂತಿಲ್ಲ. ‘ಮರುಪರಿಶೀಲನೆ’ ಎಂದು ಬರೆಯುವುದು ನಮ್ಮ ರೂಢಿ. ಅವರು ಪ್ರತಿ ಸಾಲಿನಲ್ಲೂ ‘ಅಕ್ಕ ಹೇಳಿದ್ದಳು’ ಎಂದು ಬರೆದಿದ್ದರು.

ಇದು ಮೇಲಿನವರಿಗೆ ಹೋಗುವ ಕಾಗದ, ಹೀಗೆ ಬರೆದರೆ ಹೇಗೆ ಎಂದು ನಾನು ಮೆಲ್ಲಗೆ ಕೇಳಿದೆ.

“ಬೇರೆ ಕಾರಣ ಇಲ್ಲ, ಮೇಡಂ,” ಎಂದರು.

ನಾನು ಸಾವಿರದ ಎಂಟುನೂರು ಸಾಲನ್ನೂ ಓದಿ, ಕೆಳಗೆ ಎರಡನೇ ರುಜು ಹಾಕಿದೆ.