ಸೋಪು ಹಾಕಿ ತೊಳೆದ ಕಂಬಳಿ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಅದು ನನ್ನ ಬಿ.ಎ. ಓದಿನ ಮೊದಲ ವರ್ಷದ ಬೇಸಿಗೆಯೋ ಎರಡನೆಯ ವರ್ಷದ್ದೋ ಈಗ ಖಚಿತವಿಲ್ಲ. ಆ ಜಪಾನಿ ರಗ್ಗಿನ ಅಂಚು ಕೆಂಪಗಿತ್ತು ಎಂದು ಕೇಳಿದವರಿಗೆಲ್ಲ ಹೇಳುತ್ತ ಬಂದಿದ್ದೇನೆ; ನೀಲಿಯೂ ಇದ್ದೀತು. ದಿನಚರಿಯಲ್ಲಿ ಸಿಗಬಹುದೆಂದು ಹುಡುಕಿದೆ. ಇಸವಿ ಹಾಕಿರದ ಆ ದಿನದ ಪುಟದಲ್ಲಿರುವುದು ಇಷ್ಟೇ: "ಸ್ವದೇಶಿ ಕೈಗಾರಿಕೆಗೆ ಅಲ್ಪಸೇವೆ ಸಲ್ಲಿಸಿದೆ. ಅಂಗೈ ಉರಿ." ಏನು ಸೇವೆ, ಅಂಗೈ ಯಾಕೆ ಉರಿಯಿತು ಎಂಬುದನ್ನು ಬರೆದಿಲ್ಲ. ದಿನಚರಿಗೂ ಪೂರ್ತಿ ನಿಜ ಹೇಳದಿರುವ ಅಭ್ಯಾಸ ನನಗೆ ಆಗಲೇ ಇತ್ತು.

ಆ ವರ್ಷ ಮೈಸೂರಿನ ನಮ್ಮ ಕಾಲೇಜಿನಲ್ಲಿ ಒಂದು ಚರ್ಚಾಕೂಟ ನಡೆದಿತ್ತು. ಪರದೇಶದ ಸರಕು ನಮ್ಮ ನಾಡಿಗೆ ಬಂದು ಬೀಳುವುದರಿಂದ ಒಳಿತೋ ಕೆಡುಕೋ ಎಂಬುದು ವಿಷಯ. ಚೀಟಿ ಎತ್ತಿದಾಗ ನನಗೆ 'ಕೆಡುಕು' ಬಂತು. ಹಡಗು, ಬಂದರು, ಮಗ್ಗ, ಹಸಿವು ಎಲ್ಲವನ್ನೂ ಸೇರಿಸಿ ಮಾತಾಡಿದೆ. ಮುಂದಿನ ಸಾಲಿನಲ್ಲಿ ಒಬ್ಬ ಅಧ್ಯಾಪಕಿ ಕಣ್ಣೊರೆಸಿಕೊಂಡರು. ನನ್ನ ಕಣ್ಣಲ್ಲೂ ನೀರು ಬಂತು. ಬೇರೆ ಚೀಟಿ ಬಂದಿದ್ದರೆ ಬಡವರಿಗೆ ಅಗ್ಗದ ಬಟ್ಟೆ ಸಿಗುವ ಸುಖದ ಬಗ್ಗೆ ಅಷ್ಟೇ ಕಣ್ಣೀರು ಸುರಿಸುತ್ತಿದ್ದೆ. ಆದರೆ ಬಹುಮಾನ ಕೈಗೆ ಬಂದ ಮೇಲೆ ನಾನು ಅದನ್ನು ನಂಬತೊಡಗಿದೆ.

ರಜಕ್ಕೆ ಹನಗೋಡಿಗೆ ಬಂದೆ. ಅಮ್ಮ ತೀರಿಕೊಂಡ ಮೇಲೆ ನಾನು ಬೆಳೆದದ್ದು ಅಲ್ಲಿಯ ದೊಡ್ಡಪ್ಪನ ಮನೆಯಲ್ಲಿ. ದೊಡ್ಡಪ್ಪ ಕಂಬಳಿ ನೇಯುತ್ತಿದ್ದರು. ದೊಡ್ಡವ್ವ ಉಣ್ಣೆ ನೂತು, ಹುಣಸೆಬೀಜ ಹುರಿದು ಬೀಸಿ, ಗಂಜಿ ಕಾಯಿಸಿ ನೂಲಿಗೆ ಬಳಿಯುತ್ತಿದ್ದಳು. ಪ್ರತಿವರ್ಷ ಮುಂಗಾರಿಗೆ ಮುಂಚೆ ಹುಣಸೂರಿನ ಜವಳಿ ಅಂಗಡಿಯ ಸಾಹೇಬರು ಒಂದು ಗಾಡಿ ತುಂಬ ಕಂಬಳಿ ಒಯ್ದು ಕೊಡಗಿನ ಒಂದು ಕಾಫಿ ತೋಟಕ್ಕೆ ಕೊಡುತ್ತಿದ್ದರು. ತೋಟದ ಆಳುಗಳು ಅದನ್ನೇ ತಲೆಯಿಂದ ಬೆನ್ನಿಗಿಳಿಯುವಂತೆ ಕೊಪ್ಪೆ ಹಾಕಿಕೊಂಡು ಮಳೆಯಲ್ಲಿ ಕೆಲಸ ಮಾಡುತ್ತಿದ್ದರು. ಆ ಒಂದು ಗಾಡಿ ಹೋದರೆ ವರ್ಷವಿಡೀ ಮಗ್ಗ ಆಡುತ್ತಿತ್ತು. ಹೋಗದಿದ್ದರೆ ಏನು ಎಂದು ಯಾರೂ ಯೋಚಿಸಿರಲಿಲ್ಲ.

ಆ ಸಲ ಸಾಹೇಬರು ಖಾಲಿ ಗಾಡಿಯಲ್ಲಿ ಬಂದರು. ಕಂಕುಳಲ್ಲಿದ್ದ ರಗ್ಗನ್ನು ಜಗುಲಿಯ ಮೇಲೆ ಹಾಸಿದರು.

"ಮುಟ್ಟಿ ನೋಡ್ರವ್ವ. ಜಪಾನಿಂದ ಹಡಗಲ್ಲಿ ಬಂದದೆ. ಅಷ್ಟು ದೂರದಿಂದ ಬಂದ್ರೂ ನಿಮ್ಮದ್ರ ಅರ್ಧ ಬೆಲೆ."

"ಹಡಗ್ನೋರು ಸುಮ್ಕೆ ತಂದಾಕಿದ್ರಾ ಸಾಬ್ರೆ?" ಎಂದಳು ದೊಡ್ಡವ್ವ.

"ಅದೇ ನಂಗೂ ತಿಳೀತಿಲ್ಲ."

ದೊಡ್ಡಪ್ಪ ಅಂಚನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿದರು. "ಬರೀ ಅತ್ತಿ ನೂಲು ಕಣ್ರೀ ಇದು. ಕೊಡಗಿನ ಮಳೆಗೆ ಒಂದು ಗಳಿಗೆ ತಡಿಯಾಕಿಲ್ಲ."

"ನಂಗೆ ಗೊತ್ತು, ನಿಮ್ಗೆ ಗೊತ್ತು. ತೋಟದ ದೊರೆಗೆ ಗೊತ್ತಾಗಬೇಕಲ್ಲ. ನಿಮ್ಮ ಕಂಬಳಿ ಕುರಿ ನಾತ ಅಂತಾನೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ ಹೇಳ್ತಾನಂತೆ. ಚೆನ್ನಾಗಿರೋ ಒಂದನ್ನ ತೆಗೆದಿಡಿ. ಬುಧವಾರ ಬಂದು ಒಯ್ತೀನಿ."

ಅವರು ಹೋದ ಮೇಲೆ ನಾನು ಕಾಲೇಜಿನ ಭಾಷಣವನ್ನು ಜಗುಲಿಯಲ್ಲಿ ಇನ್ನೊಮ್ಮೆ ಮಾಡಿದೆ. ದೊಡ್ಡವ್ವ ತಕಲಿ ತಿರುಗಿಸುತ್ತ ಕೇಳಿ, "ಇದನ್ನೆಲ್ಲ ನಂಗ್ಯಾಕೆ ಏಳ್ತೀಯ, ನಾನೇನು ರಗ್ಗು ಕೊಂಡ್ಕೊಂಡ್ನಾ?" ಎಂದಳು.

ಮಂಗಳವಾರ ಅವರಿಬ್ಬರೂ ಪಿರಿಯಾಪಟ್ಟಣಕ್ಕೆ ನೆಂಟರ ಮದುವೆಗೆ ಹೊರಟರು. ಓದುವುದಿದೆ ಎಂದು ನಾನು ಉಳಿದೆ. ಮದುವೆಗೆ ಹೋದರೆ ನಿನ್ನದು ಯಾವಾಗ ಎಂದು ಕೇಳುತ್ತಾರೆ ಎಂಬುದೇ ನಿಜವಾದ ಕಾರಣ. ದೊಡ್ಡಪ್ಪ ಆರಿಸಿದ ಕಂಬಳಿಯನ್ನು ಮಡಿಸಿ ಗೂಟಕ್ಕೆ ಹಾಕಿ, "ಸಾಬ್ರು ಬಂದ್ರೆ ಕೊಟ್ಟುಬುಡು. ಬ್ಯಾರೆ ಏನೂ ಮಾಡಬ್ಯಾಡ" ಎಂದು ಹೇಳಿ ಹೋದರು. ಈ ಕೊನೆಯ ಮಾತನ್ನು ಅವರು ಹೇಳಿದ್ದರೋ, ಹೇಳಿರಬೇಕಿತ್ತು ಎಂದು ನಾನೇ ಆಮೇಲೆ ಸೇರಿಸಿಕೊಂಡೆನೋ ತಿಳಿಯದು.

ಆ ಕಂಬಳಿಯನ್ನು ಮೂಸಿ ನೋಡಿದೆ. ದೊರೆ ಹೇಳಿದ್ದು ಸುಳ್ಳಲ್ಲ. ವಾಸನೆಯೊಂದೇ ತಾನೇ ನಮ್ಮ ಸರಕಿನ ಕುಂದು, ಅದೊಂದು ಹೋದರೆ ಜಪಾನನ್ನು ಸೋಲಿಸಬಹುದು ಎಂದು ನನಗೆ ಹೊಳೆಯಿತು. ಹಂಡೆಗೆ ಉರಿ ಹಾಕಿದೆ. ಕುದಿಯುವ ನೀರಲ್ಲಿ ಕಂಬಳಿ ಅದ್ದಿ, ಮೈಸೂರಿನಿಂದ ತಂದಿದ್ದ ಗಂಧದ ಸೋಪನ್ನು ಅರ್ಧ ಸವೆಯುವವರೆಗೆ ಉಜ್ಜಿ, ಬಟ್ಟೆಕಲ್ಲಿನ ಮೇಲೆ ಬಡಿದೆ. ಅಂಗೈ ಉರಿದದ್ದು ಇದಕ್ಕೆ.

ಪಕ್ಕದ ಮನೆಯ ಹೆಂಗಸು ಬೇಲಿಯಾಚೆಯಿಂದ ನೋಡಿದಳು. "ಏನವ್ವ, ಕಂಬಳೀಗೆ ಬಾಣಂತಿ ನೀರು ಉಯ್ತಿದ್ದೀಯ?"

"ಇದು ಪರದೇಶದ ಪದ್ಧತಿ" ಎಂದೆ.

ನೀರು ಬೂದಿಬಣ್ಣವಾಗಿ, ಅಂಟಂಟಾಗಿ ಹರಿಯಿತು. ಕೊಳೆ ಹೋಗುತ್ತಿದೆ ಎಂದು ಹಿಗ್ಗಿದೆ. ಹೋಗುತ್ತಿದ್ದದ್ದು ಉಣ್ಣೆಯ ಜಿಡ್ಡು ಮತ್ತು ದೊಡ್ಡವ್ವನ ಗಂಜಿ. ಚಿಕ್ಕಂದಿನಿಂದ ಆ ಗಂಜಿಯನ್ನು ನೋಡುತ್ತ ಬೆಳೆದವಳು ನಾನು. ನೂಲು ಕಡಿಯದೆ ಮಗ್ಗದಲ್ಲಿ ನಿಲ್ಲಲಿ ಎಂದು ಬಳಿಯುತ್ತಾರೆ, ನೇಯ್ದ ಮೇಲೆ ಅದಕ್ಕೆ ಕೆಲಸವಿಲ್ಲ ಎಂದುಕೊಂಡಿದ್ದೆ. ಮಳೆಯ ನೀರನ್ನು ಮೇಲಿನಿಂದಲೇ ಜಾರಿಸುವುದು ಆ ಗಂಜಿ, ಆ ಜಿಡ್ಡು ಎಂದು ಯಾರೂ ಹೇಳಿರಲಿಲ್ಲ. ನಾನು ಕೇಳಿರಲೂ ಇಲ್ಲ. ಅರ್ಥಶಾಸ್ತ್ರದ ಪುಸ್ತಕದಲ್ಲಿ ಅದು ಇರಲಿಲ್ಲ.

ಮಾರನೆಯ ದಿನದ ಬಿಸಿಲಿಗೆ ಒಣಗಿತು. ಒಂದು ಗೇಣು ಕುಗ್ಗಿ, ಒಂದು ಮೂಲೆ ಎಳೆದುಕೊಂಡಿತ್ತು, ಮೆತ್ತಗೆ, ಘಮಘಮ. ನನಗೆ ಅದು ಸುಧಾರಣೆಯಂತೆಯೇ ಕಂಡಿತು. ಜೊತೆಗೆ ದೊರೆಗೆ ಇಂಗ್ಲಿಷಿನಲ್ಲಿ ಒಂದು ಕಾಗದ ಬರೆದು ಕಂಬಳಿಗೆ ಪಿನ್ನು ಚುಚ್ಚಿದೆ. ಪುರಾತನ ಕೈಗಾರಿಕೆಗಳ ಮಹತ್ವ ಅದರ ವಿಷಯ. ಎರಡು ಪುಟ.

ಸಂಜೆ ಬಂದ ಸಾಹೇಬರು ಕಂಬಳಿ ಕೈಗೆತ್ತಿಕೊಂಡು ಮೂಗಿನ ಹತ್ತಿರ ತಂದರು.

"ಇದೇನವ್ವ, ಮದುವಣಗಿತ್ತಿ ಪೆಟ್ಟಿಗೆ ತೆಗೆದಂಗದೆ."

"ಈ ಸಲ ಹೊಸ ಥರ, ಸಾಬ್ರೆ."

ಅವರು ಇನ್ನೊಮ್ಮೆ ಹಿಸುಕಿ ನೋಡಿದರು. "ಮೆತ್ತಗದೆ. ನಿಮ್ಮ ದೊಡ್ಡಪ್ಪಂಗೆ ಗೊತ್ತಾ ಇದು?"

ಹೌದೆಂಬಂತೆ ತಲೆಯಾಡಿಸಿದೆ ಎಂದು ಬಹಳ ವರ್ಷ ನೆನಪಿಟ್ಟುಕೊಂಡಿದ್ದೆ. ಈಗ ಯೋಚಿಸಿದರೆ "ಗೊತ್ತು" ಎಂದು ಬಾಯಿಬಿಟ್ಟೇ ಹೇಳಿದ ಹಾಗಿದೆ. ತಲೆಯಾಡಿಸಿದರೆ ಸುಳ್ಳು ಸ್ವಲ್ಪ ಸಣ್ಣದಾಗುತ್ತದೆಂದು ನೆನಪೇ ಅದನ್ನು ತಿದ್ದಿರಬೇಕು.

ಮದುವೆಯಿಂದ ಹಿಂತಿರುಗಿದವರಿಗೆ ಕಂಬಳಿ ಕೊಟ್ಟೆ ಎಂದಷ್ಟೇ ಹೇಳಿದೆ. ಸಾಹೇಬರು ಮತ್ತೆ ಬಂದಾಗ ಮೊದಲ ಮಳೆ ಬಿದ್ದಿತ್ತು. ಕಂಬಳಿಯನ್ನು ದೊಡ್ಡವ್ವನ ಮುಂದೆ ಇಟ್ಟು ಜಗುಲಿಯ ತುದಿಯಲ್ಲಿ ಕುಳಿತರು.

"ದೊರೆ ಎರಡರ ಮೇಲೂ ಒಂದೊಂದು ಚೆಂಬು ನೀರು ಉಯ್ಸಿದ. ರಗ್ಗೂ ಕುಡೀತು, ನಿಮ್ಮದೂ ಕುಡೀತು. ಎರಡೂ ಕುಡಿಯೋದಾದ್ರೆ ಅಗ್ಗದ್ದೇ ಸಾಕು ಅಂದ." ನನ್ನ ಕಡೆ ತಿರುಗಿ, "ನಿಮ್ಮ ಕಾಗದಾನೂ ಓದ್ದ. ಇಂಗ್ಲೀಷು ಚೆನ್ನಾಗದೆ ಅಂದ" ಎಂದರು.

ದೊಡ್ಡವ್ವ ಕಂಬಳಿಯ ಮೇಲೆ ಅಂಗೈ ಆಡಿಸಿದಳು. ಎಳೆದುಕೊಂಡಿದ್ದ ಮೂಲೆಗೆ ಬಂದು ಕೈ ನಿಂತಿತು. ಅವಳು ನನ್ನನ್ನು ನೋಡಲಿಲ್ಲ.

"ಗಂಜಿ ತೆಳ್ಳಗಾಗಿತ್ತೇನೋ ಸಾಬ್ರೆ," ಎಂದಳು. "ನಂದೇ ತಪ್ಪು."

ದೊಡ್ಡಪ್ಪ ಹೆಂಡತಿಯ ಮುಖ ನೋಡಿದರು. ಅವಳ ಗಂಜಿ ಎಂದೂ ತೆಳ್ಳಗಾಗಿರಲಿಲ್ಲವೆಂದು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಎದ್ದು ದನದ ಕೊಟ್ಟಿಗೆಗೆ ಹೋದರು. ತಪ್ಪು ನನ್ನದೆಂದು ಹೇಳಲು ನನಗೆ ಆಗ ಬೇಕಾದಷ್ಟು ಸಮಯವಿತ್ತು. ಸಾಹೇಬರು ಎಲೆ ಅಡಿಕೆ ಹಾಕಿಕೊಂಡು, ಮಳೆಯ ಮಾತಾಡಿ, ನಿಧಾನವಾಗಿಯೇ ಹೊರಟರು. ಚರ್ಚಾಕೂಟದಲ್ಲಿ ಗಂಟೆ ಬಾರಿಸಿದರೂ ನಿಲ್ಲಿಸದವಳು ನಾನು. ಅಂದು ಎಲೆ ಅಡಿಕೆಯ ತಟ್ಟೆ ಎತ್ತಿಕೊಂಡು ಒಳಗೆ ಹೋದೆ.

ಆ ವರ್ಷ ಕಂಬಳಿಗಳು ಸಂತೆಯಲ್ಲಿ ಒಂದೊಂದಾಗಿ ಹೋದವು. ಮರುವರ್ಷ ತೋಟ ಕೇಳಲೇ ಇಲ್ಲ. ದೊಡ್ಡಪ್ಪ ಮಗ್ಗದ ಮರಗಳನ್ನು ಅಟ್ಟಕ್ಕೆ ಹಾಕಿ, ಹೊಗೆಸೊಪ್ಪು ಬೇಯಿಸಿ ಒಣಗಿಸುವ ಮನೆಯೊಂದರಲ್ಲಿ ಬೆಂಕಿ ನೋಡುವ ಕೆಲಸಕ್ಕೆ ಸೇರಿದರು. ಆ ಸೊಪ್ಪು ಹಡಗು ಹತ್ತಿ ಸೀಮೆಗೆ ಹೋಗುತ್ತದೆ ಎಂದು ಹೇಳುವಾಗ ಅವರ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇರುತ್ತಿತ್ತು. ಕಂಬಳಿ ಕೊಳ್ಳುವ ಶಕ್ತಿ ಎಂದೂ ಇಲ್ಲದಿದ್ದ ಪಕ್ಕದ ಮನೆಯ ಹೆಂಗಸು ಮಕ್ಕಳಿಗೆ ಹೊದೆಸಲು ಒಂದು ರಗ್ಗು ತಂದಳು. "ಬೆಚ್ಚಗದೆ ಕಣವ್ವ" ಎಂದು ನನಗೆ ತೋರಿಸಿದಳು. ಚೆನ್ನಾಗಿದೆ ಎಂದೆ. ನಿಜವಾಗಿ ಚೆನ್ನಾಗಿತ್ತು. ಹಾಸ್ಟೆಲಿನಲ್ಲಿ ನಾನು ಹೊದೆಯುತ್ತಿದ್ದದ್ದೂ ಅಂಥದ್ದೇ.

ಜಗತ್ತಿನ ವ್ಯಾಪಾರದ ಬಗ್ಗೆ ಆಮೇಲೆ ಎಷ್ಟೋ ಓದಿದೆ. ಹೇಗಿದ್ದರೂ ಆ ಮಗ್ಗ ನಿಲ್ಲುವುದೇ ಆಗಿತ್ತು ಎಂದು ಪುಸ್ತಕಗಳು ಒಂದೇ ದನಿಯಲ್ಲಿ ಹೇಳುತ್ತವೆ. ಹಾಗೆ ಹೇಳುವ ಪುಸ್ತಕಗಳನ್ನೇ ನಾನು ಹುಡುಕಿ ಓದುತ್ತಿದ್ದೆನೋ ಏನೋ.

ದೊಡ್ಡಪ್ಪ ತೀರಿಕೊಂಡ ಮೇಲೆ ಒಂದು ಮಧ್ಯಾಹ್ನ ದೊಡ್ಡವ್ವ ಜಗುಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನಾನೂ ಕೂತು ಸುಲಿಯತೊಡಗಿದೆ. ಆ ಕಂಬಳಿಯನ್ನು ಸೋಪು ಹಾಕಿ ತೊಳೆದವಳು ನಾನೇ ಎಂದೆ. "ಗೊತ್ತು, ಸುಲಿ" ಎಂದಳು. ಮೊರ ಅರ್ಧ ತುಂಬಿದ ಮೇಲೆ ಕೇಳಿದೆ:

"ನಾನು ತೊಳೀದೇ ಇದ್ದಿದ್ರೆ ದೊರೆ ನಮ್ಮದನ್ನೇ ತಗೊತಿದ್ನಾ, ದೊಡ್ಡವ್ವ?"