ಎಂಟು ಹೆಜ್ಜೆಯ ವಿದ್ಯೆ

ನಮ್ಮ ಡಾಕ್ಟರರ ಎಂಟು ಹೆಜ್ಜೆಗಳ ಬಗ್ಗೆ ವೈದ್ಯಕೀಯ ಕಾಲೇಜಿನಲ್ಲಿ ಒಂದು ಪುರಾಣವೇ ಹುಟ್ಟಿಕೊಂಡಿತ್ತು. ಬೀದಿ ಮೂಲೆಯ ಒಂದೇ ಕೋಣೆಯ ಕ್ಲಿನಿಕ್ಕಿನಲ್ಲಿ ಜ್ವರ, ಕೆಮ್ಮು, ಕಜ್ಜಿ ನೋಡುತ್ತಲೇ ತಲೆ ನರೆತ ಈ ಮನುಷ್ಯ, ಚೀಟಿ ಬರೆದದ್ದೇ ತಡ, ದಂಡಯಾತ್ರೆಗೆ ಹೊರಟ ದೊರೆಯಂತೆ ಎದ್ದು ರೋಗಿಯೊಡನೆ ಬಾಗಿಲವರೆಗೆ ನಡೆಯುತ್ತಿದ್ದರು. ಕುರ್ಚಿಯಲ್ಲಿ ತುಟಿ ಬಿಚ್ಚದವರೂ ಬಾಗಿಲಲ್ಲಿ ನಿಜ ಕಕ್ಕುತ್ತಿದ್ದರು. ತರಬೇತಿಗೆ ಬಂದ ವಿದ್ಯಾರ್ಥಿಗಳು ಹೆಜ್ಜೆ ಎಣಿಸಿ ಬರೆದುಕೊಂಡರು. ಎಡಗಾಲು ಮೊದಲೋ ಬಲಗಾಲೋ ಎಂದು ಹಾಸ್ಟೆಲಿನಲ್ಲಿ ಎರಡು ಬಣಗಳಾದವು.

ಆ ದಿನ ಕೊನೆಯ ವರ್ಷದ ಹುಡುಗಿಯೊಬ್ಬಳಿಗೆ ಆ ಕ್ಲಿನಿಕ್ಕಿನಲ್ಲೇ ಪರೀಕ್ಷೆ. ಹಿಂದೊಮ್ಮೆ ರೋಗಿಯ ಮುಖ ಬಿಟ್ಟು ಪ್ರಶ್ನೆಪಟ್ಟಿಯನ್ನೇ ನೋಡಿ ಫೇಲಾಗಿದ್ದಳು. ಈ ಸಲವೂ ಎಡವಿದರೆ ಇನ್ನಾರು ತಿಂಗಳು ಇದೇ ಗಾಣ. ಮುಳ್ಳಿನ ಮೇಲೆ ಕೂತವಳಂತೆ ಪೆನ್ನಿನ ಮುಚ್ಚಳ ತೆಗೆಯುವಳು, ಹಾಕುವಳು. ಮೂಲೆಯಲ್ಲಿ ಡಾಕ್ಟರರು ಸುಮ್ಮನೆ ಕಾಲು ಕುಣಿಸುತ್ತಿದ್ದರು.

ಎದುರಿಗೆ ಮುದಿ ಟೈಲರ್. "ಮಂಡಿ ನೋವು ಕಣಮ್ಮ."

"ಬೇರೇನಾದ್ರೂ ತೊಂದರೆ ಇದೆಯಾ ತಾತ?"

"ಇದೆಯಲ್ಲ, ಎಪ್ಪತ್ತೆರಡು ವರ್ಷ ವಯಸ್ಸು!"

"ಎದೆ ನೋವು?"

"ಇಲ್ಲಪ್ಪ."

ಇಪ್ಪತ್ತಮೂರು ಪ್ರಶ್ನೆಗೂ ಇಲ್ಲವೇ ಉತ್ತರ. ಮಂಡಿಗೆ ಮುಲಾಮು ಬರೆದಳು. ತಾತ ಎದ್ದ. ಆಗ ಅವಳಿಗೆ ನೆನಪಾಯಿತು: ಹೆಜ್ಜೆ! ದಡಬಡಿಸಿ ಎದ್ದು ಎಣಿಸುತ್ತ ಹೊರಟಳು. ಐದಕ್ಕೇ ಲೆಕ್ಕ ತಪ್ಪಿತು. ಬಾಗಿಲು ಎಳೆದರೆ ಅದೂ ಬರಲಿಲ್ಲ.

"ನಿಧಾನ ಕಣಮ್ಮ, ನಂಗೇನು ಅವಸರ ಇಲ್ಲ," ಎಂದ ತಾತ. ಆಮೇಲೆ ತಲೆ ಕೆರೆದುಕೊಂಡು, "ಅಂದಹಾಗೆ, ಮೆಷಿನ್ ತುಳಿಯೋವಾಗ ಎದೆ ಮೇಲೆ ಯಾರೋ ಕೂತಂಗಾಗುತ್ತೆ. ಗ್ಯಾಸ್ ಇರ್ಬೇಕು, ಅಲ್ವಾ?"

"ಆಗಲೇ ಕೇಳಿದ್ನಲ್ಲ ತಾತ!"

"ನೀನು ಕೇಳಿದ್ದು ನೋವು. ಇದು ಭಾರ."

ಅವಳು ಬಾಗಿಲು ಬಿಟ್ಟು ಮೊದಲ ಸಲ ಅವನ ಮುಖ ನೋಡಿದಳು. ಹಣೆಯ ಮೇಲೆ ಬೆವರಿತ್ತು. ಕೈಹಿಡಿದು ಮಂಚದ ಮೇಲೆ ಮಲಗಿಸಿದಳು. ಇಸಿಜಿ ಗೆರೆ ನೋಡಿದ ಡಾಕ್ಟರರ ಕಾಲು ಕುಣಿತ ನಿಂತಿತು. ದೊಡ್ಡಾಸ್ಪತ್ರೆಗೆ ಫೋನು ಮಾಡಿ, ತಾತನಿಗೆ ಮಾತ್ರೆ ಅಗಿಯಲು ಕೊಟ್ಟು, ಅವಳ ಹಾಳೆಯ ಮೇಲೆ "ಪಾಸ್" ಎಂದು ಗೀಚಿದರು.

"ಎರಡು ಪ್ಯಾಂಟ್ ಹೊಲಿಯೋದು ಬಾಕಿ ಇದೆ ಕಣ್ರೀ," ಎಂದು ತಾತ ಗೊಣಗುತ್ತಿರುವಾಗಲೇ ಹೊರಗೆ ಆಂಬುಲೆನ್ಸ್ ಬಂದು ನಿಂತಿತು. ಡಾಕ್ಟರರು ಬಾಗಿಲತ್ತ ಹೊರಟರು. ಅವಳೂ ಬೆನ್ನಿಗೆ ಬಿದ್ದಳು.

"ಸರ್, ಈ ಬಾಗಿಲ ವಿದ್ಯೆ ನಿಮಗೆ ಹೇಗೆ ಹೊಳೀತು?"

ಡಾಕ್ಟರರು ಬಾಗಿಲಿಗೆ ಭುಜ ಕೊಟ್ಟು, ಮೇಲಕ್ಕೆತ್ತಿ ಎಳೆದರು.

"ಎಂಥ ವಿದ್ಯೆನಮ್ಮ! ಹೀಗೆ ಎತ್ತದಿದ್ರೆ ಇದು ತೆರೆಯಲ್ಲ. ಬಡಗಿ ನಾಳೆ ಬರ್ತೀನಿ ಅಂತ ಹೇಳಿ ಹನ್ನೆರಡು ವರ್ಷ ಆಯ್ತು."